ಕಾಗದದ ಚೀಲ ಮತ್ತು ಮಾರ್ಗರೆಟ್ ನೈಟ್

ಮಕ್ಕಳೇ, ಕಿರಾಣಿ ಅಂಗಡಿಯಲ್ಲಿ ಶೇಂಗಾ ಕೊಂಡಾಗ ಅಂಗಡಿಯವರ ಕೈಗಳನ್ನು ಎಂದಾದರೂ ಗಮನಿಸಿದ್ದೀರಾ? ಅವರು ರದ್ದಿ ಕಾಗದದ ಒಂದು ಹಾಳೆಯನ್ನು ತೆಗೆದುಕೊಂಡು ಕ್ಷಣದಲ್ಲಿ ಸುರುಳಿ ಸುತ್ತುತ್ತಾರೆ. ಕೆಳಗಿನ ಚೂಪು ತುದಿಯನ್ನು ತಿರುಚುತ್ತಾರೆ. ಶೇಂಗಾ ತುಂಬಿ, ಮೇಲಿನ ಅಂಚನ್ನು ಒಳಗೆ ಮಡಿಚಿ, ಪೊಟ್ಟಣವನ್ನು ನಿಮ್ಮ ಕೈಗೆ ಕೊಡುತ್ತಾರೆ. ಆ ಪೊಟ್ಟಣವನ್ನು ಮೇಜಿನ ಮೇಲೆ ನಿಲ್ಲಿಸಲು ಪ್ರಯತ್ನಿಸಿ. ಅದು ನಿಲ್ಲುವುದಿಲ್ಲ, ಅಡ್ಡ ಬೀಳುತ್ತದೆ. ಏಕೆಂದರೆ ಅದಕ್ಕೆ ತಳವೇ ಇಲ್ಲ.

ಈಗ ಬೇಕರಿಯಲ್ಲಿ ಕೊಡುವ ಕಂದು ಬಣ್ಣದ ಕಾಗದದ ಚೀಲವನ್ನು ನೆನಪಿಸಿಕೊಳ್ಳಿ. ಅದರ ಬಾಯಿ ಬಿಡಿಸಿ ಇಟ್ಟರೆ ಡಬ್ಬಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಒಂದು ಕೈಯಿಂದ ಹಿಡಿಯದೆಯೇ ಅದರೊಳಗೆ ಸಾಮಾನು ತುಂಬಬಹುದು. ಅದಕ್ಕೆ ಚಪ್ಪಟೆಯಾದ ತಳವಿದೆ. 2018ರಲ್ಲಿ ನಮ್ಮ ಮಹಾರಾಷ್ಟ್ರ ಸರಕಾರವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಮೇಲೆ ಇಂಥ ಚೀಲಗಳನ್ನು ನೀವು ಹೆಚ್ಚಾಗಿಯೇ ನೋಡಿರಬೇಕು.

ಒಂದು ಬರಿಯ ಹಾಳೆಯನ್ನು ಮಡಿಚಿ, ಅಂಟಿಸಿ, ತಳವಿರುವ ಚೀಲವನ್ನಾಗಿ ಮಾಡುವ ಯಂತ್ರವನ್ನು ಕಂಡುಹಿಡಿದವಳು ಒಬ್ಬ ಹೆಣ್ಣುಮಗಳು. ಅವಳು ಕಾಲೇಜಿಗೆ ಹೋದವಳಲ್ಲ. ಶಾಲೆಯನ್ನೂ ಪೂರ್ತಿ ಮುಗಿಸಿದವಳಲ್ಲ. ಅವಳ ಹೆಸರು ಮಾರ್ಗರೆಟ್ ನೈಟ್.

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ರಾಜ್ಯವಿದೆ. ಅಲ್ಲಿ ಸಮುದ್ರದಂಡೆಯಲ್ಲಿರುವ ಯಾರ್ಕ್ ಎಂಬ ಊರಿನಲ್ಲಿ 1838ನೆಯ ಇಸವಿ ಫೆಬ್ರುವರಿ 14ರಂದು ಮಾರ್ಗರೆಟ್ ಹುಟ್ಟಿದಳು. ತಂದೆ ಜೇಮ್ಸ್ ನೈಟ್, ತಾಯಿ ಹ್ಯಾನಾ. ಮನೆಯಲ್ಲಿ ಎಲ್ಲರೂ ಅವಳನ್ನು ಮ್ಯಾಟಿ ಎಂದು ಕರೆಯುತ್ತಿದ್ದರು. ಅವಳಿಗೆ ಅಣ್ಣಂದಿರಿದ್ದರು. ಅವಳು ಇನ್ನೂ ಚಿಕ್ಕವಳಿರುವಾಗಲೇ ತಂದೆ ತೀರಿಕೊಂಡರು.

ಮ್ಯಾಟಿಗೆ ಗೊಂಬೆಗಳ ಮೇಲೆ ಮನಸ್ಸಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಮಡಿಚುವ ಚಾಕು, ಮರಕ್ಕೆ ತೂತು ಕೊರೆಯುವ ಬೈರಿಗೆ ಮತ್ತು ಮರದ ತುಂಡುಗಳು. ಇವು ಸಿಕ್ಕರೆ ಸಾಕು, ಅವಳು ಊಟವನ್ನೂ ಮರೆಯುತ್ತಿದ್ದಳು. ಅಣ್ಣಂದಿರು ಯಾವ ಆಟಿಕೆ ಕೇಳಿದರೂ ಮಾಡಿಕೊಡುತ್ತಿದ್ದಳು. ಅವಳು ಮಾಡಿದ ಗಾಳಿಪಟಗಳನ್ನು ಕಂಡು ಊರಿನ ಹುಡುಗರು ಆಸೆಪಡುತ್ತಿದ್ದರು. ಆ ಭಾಗದಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಹಿಮದ ಮೇಲೆ ಜಾರಲು ಮಕ್ಕಳು ಗಾಲಿಯಿಲ್ಲದ ಚಿಕ್ಕ ಬಂಡಿಗಳನ್ನು ಬಳಸುತ್ತಾರೆ. ಮ್ಯಾಟಿ ಮಾಡಿದ ಜಾರುಬಂಡಿಗಳು ಊರಿನಲ್ಲೆಲ್ಲ ಹೆಸರಾಗಿದ್ದವು. ಹುಡುಗಿಯೊಬ್ಬಳು ಚಾಕು, ಬೈರಿಗೆ ಹಿಡಿದು ಕೂಡುವುದನ್ನು ಕಂಡು ಜನ ಆಡಿಕೊಳ್ಳುತ್ತಿದ್ದರು. ಅವಳು ಅದಕ್ಕೆ ಕಿವಿಗೊಡಲಿಲ್ಲ.

ತಂದೆ ಇಲ್ಲದ ಮನೆ. ದುಡಿಯದೆ ಊಟವಿಲ್ಲ. ತಾಯಿ ಮಕ್ಕಳನ್ನು ಕರೆದುಕೊಂಡು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಪಟ್ಟಣಕ್ಕೆ ಹೋದಳು. ಇಂಗ್ಲೆಂಡಿನಲ್ಲಿ ಬಟ್ಟೆಗೆ ಹೆಸರಾದ ಮ್ಯಾಂಚೆಸ್ಟರ್ ಇದೆಯಲ್ಲ, ಅದರ ಹೆಸರನ್ನೇ ಅಮೆರಿಕದವರು ಈ ಊರಿಗೆ ಇಟ್ಟಿದ್ದರು. ಮೆರಿಮ್ಯಾಕ್ ನದಿಯ ದಂಡೆಯಲ್ಲಿ ಸಾಲಾಗಿ ಹತ್ತಿಯ ಗಿರಣಿಗಳು ಇದ್ದವು. ನದಿಯ ನೀರಿನ ಬಲದಿಂದಲೇ ಗಿರಣಿಯ ಚಕ್ರಗಳು ತಿರುಗುತ್ತಿದ್ದವು. ಮ್ಯಾಟಿಯ ಅಣ್ಣಂದಿರು ಗಿರಣಿಗೆ ಸೇರಿದರು. ಕೆಲವು ದಿನಗಳ ನಂತರ ಮ್ಯಾಟಿಯೂ ಶಾಲೆ ಬಿಟ್ಟು ಗಿರಣಿಯ ಕೂಲಿಯಾದಳು.

ಆ ಕಾಲದಲ್ಲಿ ಅಲ್ಲಿ ಮಕ್ಕಳು ಗಿರಣಿಯಲ್ಲಿ ದುಡಿಯುವುದು ಸಾಮಾನ್ಯವಾಗಿತ್ತು. ಬೆಳಗಿನ ಗಂಟೆ ಬಾರಿಸಿದಾಗ ಒಳಗೆ ಹೋದರೆ ಕತ್ತಲಾದ ಮೇಲೆಯೇ ಹೊರಗೆ ಬರುವುದು. ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಕೆಲಸ. ಗಾಳಿಯಲ್ಲೆಲ್ಲ ಹತ್ತಿಯ ಧೂಳು, ಕಿವಿ ಕಿವುಡಾಗುವಂಥ ಸದ್ದು. ಇಂದು ನಮ್ಮ ದೇಶದಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರಖಾನೆಯಲ್ಲಿ ದುಡಿಸುವುದು ಅಪರಾಧ. ಮ್ಯಾಟಿಯ ಕಾಲದ ಅಮೆರಿಕದಲ್ಲಿ ಅಂಥ ರಕ್ಷಣೆ ಇರಲಿಲ್ಲ.

ಸೋಲಾಪುರದ ಕಡೆಯ ಮಕ್ಕಳಿಗೆ ಮಗ್ಗವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಚಾದರ, ಟವೆಲ್ ನೇಯುವ ಮಗ್ಗದ ಸದ್ದು ಕೇಳುತ್ತಲೇ ಬೆಳೆದವರು ನಿಮ್ಮಲ್ಲಿ ಅನೇಕರು. ಉಳಿದವರಿಗಾಗಿ ಎರಡು ಮಾತು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲಿಗೆ ಹಾಸು ಎನ್ನುತ್ತಾರೆ. ಅದರ ನಡುವೆ ಅಡ್ಡ ಹೋಗುವ ನೂಲಿಗೆ ಹೊಕ್ಕು ಎನ್ನುತ್ತಾರೆ. ಹೊಕ್ಕಿನ ನೂಲನ್ನು ಹೊತ್ತುಕೊಂಡು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಡುವ ಸಾಧನವೇ ಲಾಳಿ. ದೋಣಿಯ ಆಕಾರದ ಮರದ ಲಾಳಿಗೆ ಎರಡು ತುದಿಗಳಲ್ಲಿಯೂ ಚೂಪಾದ ಲೋಹದ ಮೊನೆ ಇರುತ್ತಿತ್ತು. ಯಂತ್ರದ ಮಗ್ಗದಲ್ಲಿ ಅದು ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡುತ್ತಿತ್ತು. ದಾರಿ ತಪ್ಪಿದರೆ ಬಾಣದಂತೆ ಹೊರಕ್ಕೆ ಚಿಮ್ಮುತ್ತಿತ್ತು.

ಮ್ಯಾಟಿಗೆ ಆಗ ಹನ್ನೆರಡು ವರ್ಷ. ಒಂದು ದಿನ ಅವಳ ಕಣ್ಣೆದುರಿಗೇ ಲಾಳಿಯೊಂದು ಮಗ್ಗದಿಂದ ಚಿಮ್ಮಿ ಬಂದು ಒಬ್ಬ ಕೆಲಸಗಾರನಿಗೆ ಚುಚ್ಚಿತು. ಗಿರಣಿಯಲ್ಲಿ ಇಂಥ ಅಪಘಾತ ಅದೇ ಮೊದಲೇನೂ ಆಗಿರಲಿಲ್ಲ. ಗಾಯಗೊಂಡವರನ್ನು ಹೊರಗೆ ಸಾಗಿಸಿದ ಮೇಲೆ ಉಳಿದವರು ಮತ್ತೆ ಕೆಲಸಕ್ಕೆ ನಿಲ್ಲುವುದು ರೂಢಿ. ಮ್ಯಾಟಿ ಮಾತ್ರ ಆ ಲಾಳಿಯ ಬಗ್ಗೆಯೇ ಯೋಚಿಸತೊಡಗಿದಳು. ಲಾಳಿ ಹೊರಗೆ ಬರುವುದಾದರೂ ಏಕೆ? ಅದು ಹೊರಬರುವ ಮೊದಲೇ ತಡೆಯಲು ಆಗುವುದಿಲ್ಲವೇ? ಕೆಲವೇ ವಾರಗಳಲ್ಲಿ ಅವಳು ಅದಕ್ಕೊಂದು ಉಪಾಯ ಕಂಡುಹಿಡಿದಳು. ಅವಳು ಮಾಡಿದ ಸಾಧನವನ್ನು ಮಗ್ಗಕ್ಕೆ ಜೋಡಿಸಿದರೆ ಜನರಿಗೆ ಲಾಳಿಯಿಂದ ಅಪಾಯವಾಗುತ್ತಿರಲಿಲ್ಲ. ಮ್ಯಾಂಚೆಸ್ಟರಿನ ಬೇರೆ ಗಿರಣಿಗಳೂ ಅದನ್ನು ಬಳಸಿಕೊಂಡವು.

ಇಲ್ಲಿ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಆ ಸಾಧನದಿಂದ ಮ್ಯಾಟಿಗೆ ಒಂದು ಕಾಸೂ ಸಿಗಲಿಲ್ಲ. ಅದು ಅವಳದೆಂದು ಎಲ್ಲಿಯೂ ಬರೆದಿಡಲಿಲ್ಲ. ಚಿತ್ರವನ್ನು ಯಾರೂ ಕಾಯ್ದಿಡಲಿಲ್ಲ. ಆದ್ದರಿಂದ ಅದು ಹೇಗಿತ್ತು, ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ಇಂದು ಯಾರಿಗೂ ತಿಳಿಯದು. ಎಷ್ಟೋ ಜನರ ಕಣ್ಣು, ಕೈಗಳನ್ನು ಉಳಿಸಿದ ಒಂದು ಶೋಧ ಹೀಗೆ ಗುರುತಿಲ್ಲದೆ ಹೋಯಿತು. ಹನ್ನೆರಡು ವರ್ಷದ ಹುಡುಗಿಗೆ ಪೇಟೆಂಟ್ ಎಂಬ ಶಬ್ದವಾದರೂ ಗೊತ್ತಿತ್ತೋ ಇಲ್ಲವೋ!

ಪೇಟೆಂಟ್ ಎಂದರೆ ಸರಕಾರ ಕೊಡುವ ಹಕ್ಕುಪತ್ರ. ಯಾರಾದರೂ ಹೊಸ ಯಂತ್ರವನ್ನು ಕಂಡುಹಿಡಿದರೆ ಅದರ ಚಿತ್ರ ಮತ್ತು ವಿವರಗಳನ್ನು ಪೇಟೆಂಟ್ ಕಚೇರಿಗೆ ಕೊಡಬೇಕು. ಅದು ನಿಜವಾಗಿಯೂ ಹೊಸದು ಎಂದು ಖಚಿತವಾದರೆ ಸರಕಾರ ಹಕ್ಕುಪತ್ರ ಕೊಡುತ್ತದೆ. ಆಮೇಲೆ ಕೆಲವು ವರ್ಷಗಳ ವರೆಗೆ ಅವರ ಒಪ್ಪಿಗೆಯಿಲ್ಲದೆ ಬೇರೆ ಯಾರೂ ಆ ಯಂತ್ರವನ್ನು ಮಾಡುವಂತಿಲ್ಲ. ಮಾರ್ಗರೆಟ್ ದೊಡ್ಡವಳಾದ ಕಾಲದಲ್ಲಿ ಅಮೆರಿಕದಲ್ಲಿ ಈ ಹಕ್ಕು ಹದಿನೇಳು ವರ್ಷ ಇರುತ್ತಿತ್ತು.

ಬೆಳೆದ ಮೇಲೆ ಮಾರ್ಗರೆಟ್ ಒಂದೇ ಕೆಲಸಕ್ಕೆ ಅಂಟಿಕೊಳ್ಳಲಿಲ್ಲ. ಮನೆಗಳ ರಿಪೇರಿ ಮಾಡಿದಳು. ಕುರ್ಚಿಗಳಿಗೆ ಮೆತ್ತೆ ಹಾಕುವುದನ್ನು ಕಲಿತಳು. ಲೋಹದ ಮೇಲೆ ಅಕ್ಷರ ಕೆತ್ತಿದಳು. ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಫೋಟೋ ತೆಗೆಯುವ ಕಲೆ ಆಗ ಹೊಸದಾಗಿ ಬಂದಿತ್ತು. ಅದರಲ್ಲಿಯೂ ಕೈಯಾಡಿಸಿದಳು. ಅಳೆಯುವುದು, ಕತ್ತರಿಸುವುದು, ಜೋಡಿಸುವುದು ಎಲ್ಲವೂ ಆಕೆಯ ಕೈಗೆ ಒಗ್ಗಿದವು.

1867ರಲ್ಲಿ ಆಕೆ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿಗೆ ಬಂದಳು. ಅಲ್ಲಿ ಕೊಲಂಬಿಯಾ ಪೇಪರ್ ಬ್ಯಾಗ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಾಗದದ ಚೀಲಗಳ ಕಾರಖಾನೆ ಅದು.

ಕಾಗದದ ಚೀಲ ಮಾಡುವ ಯಂತ್ರ ಆಗಲೇ ಇತ್ತು. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಎಂಬ ಊರಿನ ಫ್ರಾನ್ಸಿಸ್ ವೊಲ್ ಎಂಬವನು 1852ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದನು. ಅವನೂ ನಮ್ಮ ಹಾಗೆ ಶಾಲಾ ಮಾಸ್ತರನೇ. ಪಾಠ ಹೇಳುವುದರ ಜೊತೆಗೆ ನೀರಿನಲ್ಲಿ ಬೆಳೆಯುವ ಪಾಚಿಗಳನ್ನು ಅಭ್ಯಾಸ ಮಾಡಿ ದೊಡ್ಡ ದೊಡ್ಡ ಪುಸ್ತಕಗಳನ್ನೂ ಬರೆದವನು. ಅವನ ಯಂತ್ರ ಒಳ್ಳೆಯದೇ. ಆದರೆ ಅದರಿಂದ ಬರುತ್ತಿದ್ದ ಚೀಲಗಳು ಅಂಚೆಯ ಲಕೋಟೆಯಂತೆ ಇರುತ್ತಿದ್ದವು. ಅವುಗಳಿಗೆ ಚಪ್ಪಟೆ ತಳ ಇರುತ್ತಿರಲಿಲ್ಲ. ಹಿಟ್ಟನ್ನೋ ಸಕ್ಕರೆಯನ್ನೋ ತುಂಬಿದರೆ ಕೆಳಗೆ ಗಂಟು ಕಟ್ಟಿದಂತಾಗಿ ಚೀಲ ವಾಲುತ್ತಿತ್ತು. ತಳವಿರುವ ಚೀಲ ಬೇಕೆಂದರೆ ಕೈಯಿಂದಲೇ ಮಾಡಬೇಕಾಗಿತ್ತು. ಕಾರಖಾನೆಯಲ್ಲಿ ಹೆಂಗಸರು ಸಾಲಾಗಿ ಕುಳಿತು ಒಂದೊಂದಾಗಿ ಮಡಿಚಿ ಅಂಟಿಸುತ್ತಿದ್ದರು. ಅದು ನಿಧಾನದ ಕೆಲಸ. ಆದ್ದರಿಂದ ಅಂಥ ಚೀಲಗಳಿಗೆ ಬೆಲೆಯೂ ಹೆಚ್ಚು.

ಮಾರ್ಗರೆಟ್ ಅದನ್ನು ನೋಡುತ್ತಿದ್ದಳು. ಕೈಗಳು ಮಾಡುವ ಮಡಿಕೆಗಳನ್ನು ಯಂತ್ರ ಏಕೆ ಮಾಡಬಾರದು ಎಂಬ ಪ್ರಶ್ನೆ ಆಕೆಯನ್ನು ಹಿಡಿದುಕೊಂಡಿತು.

ಇದು ಎಷ್ಟು ಕಷ್ಟದ ಕೆಲಸವೆಂದು ತಿಳಿಯಬೇಕಾದರೆ ನೀವೇ ಒಂದು ಚೀಲ ಮಾಡಿ ನೋಡಬೇಕು. ಹಳೆಯ ಕಾಗದದ ಒಂದು ಹಾಳೆ ತೆಗೆದುಕೊಳ್ಳಿ. ಅದರ ಎರಡು ಅಂಚುಗಳನ್ನು ಒಂದರ ಮೇಲೊಂದು ತಂದು ಅಂಟಿಸಿ. ಈಗ ಅದು ಎರಡು ಕಡೆಯೂ ಬಾಯಿ ಇರುವ ಚಪ್ಪಟೆಯಾದ ಕೊಳವೆಯಾಯಿತು. ಇಲ್ಲಿಯ ವರೆಗೆ ಸುಲಭ. ಇನ್ನು ಒಂದು ಬಾಯಿಯನ್ನು ತೆರೆಯಿರಿ. ಎರಡು ಬದಿಗಳನ್ನು ಒಳಕ್ಕೆ ಒತ್ತುತ್ತ ಮೇಲಿನ ಪದರವನ್ನು ಹಿಂದಕ್ಕೆ ಮಡಿಚಿರಿ. ಆಗ ಅಲ್ಲಿ ಗಾಳಿಪಟದಂಥ ಒಂದು ಆಕಾರ ಕಾಣುತ್ತದೆ. ಅದರ ಒಂದು ಮೂಲೆಯನ್ನು ನಡುವಿಗೆ ಮಡಿಚಿ ಅಂಟು ಹಚ್ಚಿ. ಎದುರಿನ ಮೂಲೆಯನ್ನು ಅದರ ಮೇಲೆ ಮಡಿಚಿ ಒತ್ತಿರಿ. ತಳ ಸಿದ್ಧವಾಯಿತು. ಒಟ್ಟು ಮೂರೇ ಮಡಿಕೆ. ಆದರೆ ಮೊದಲ ಮಡಿಕೆಯಲ್ಲಿ ಕಾಗದ ಒಮ್ಮೆಗೇ ತೆರೆಯಬೇಕು, ಮಡಿಯಲೂ ಬೇಕು. ನಿಮ್ಮ ಹತ್ತು ಬೆರಳುಗಳೂ ಅದಕ್ಕೆ ಬೇಕಾದವು, ಅಲ್ಲವೇ? ಕಬ್ಬಿಣಕ್ಕೆ ಬೆರಳುಗಳಿಲ್ಲ. ಕಾಗದವೋ ತೆಳುವಾದದ್ದು. ಸ್ವಲ್ಪ ಹೆಚ್ಚು ಎಳೆದರೆ ಹರಿಯುತ್ತದೆ, ಕಡಿಮೆ ಎಳೆದರೆ ಸುಕ್ಕುಗಟ್ಟುತ್ತದೆ.

ಹಗಲೆಲ್ಲ ಕಾರಖಾನೆಯ ಕೆಲಸ, ರಾತ್ರಿಯೆಲ್ಲ ಚಿತ್ರ ಬಿಡಿಸುವುದು. ಮಾರ್ಗರೆಟ್ ಹೀಗೆ ತಿಂಗಳುಗಟ್ಟಲೆ ದುಡಿದಳು. ಚಿತ್ರಗಳನ್ನು ಬರೆದಳು, ಕಾಗದ ಕತ್ತರಿಸಿ ಮಾದರಿಗಳನ್ನು ಮಾಡಿದಳು, ಅಂದಂದಿನ ಕೆಲಸವನ್ನು ಗುರುತು ಹಾಕಿಟ್ಟಳು. ಆಮೇಲೆ 1868ರಲ್ಲಿ ಮರದಿಂದ ಒಂದು ಯಂತ್ರವನ್ನೇ ಕಟ್ಟಿದಳು. ನೋಡಲು ಅದು ಅಂದವಾಗಿರಲಿಲ್ಲ. ತಿರುಗಿಸಿದರೆ ಅಲುಗಾಡುತ್ತಿತ್ತು. ಆದರೆ ಕೈಪಿಡಿಯನ್ನು ತಿರುಗಿಸುತ್ತ ಹೋದರೆ ಕಾಗದ ಒಳಗೆ ಹೋಗಿ ಕೊಳವೆಯಾಗುತ್ತಿತ್ತು, ತಕ್ಕ ಅಳತೆಗೆ ಕತ್ತರಿಸಲ್ಪಡುತ್ತಿತ್ತು. ತೆಳುವಾದ ಲೋಹದ ತಟ್ಟೆಯೊಂದು ಬಂದು ಕೊಳವೆಯ ಬಾಯಿಯನ್ನು ಮಡಿಚುತ್ತಿತ್ತು. ಅಂಟು ಬೀಳುತ್ತಿತ್ತು, ಮೂಲೆಗಳು ಒಂದರ ಮೇಲೊಂದು ಕೂಡುತ್ತಿದ್ದವು. ಇನ್ನೊಂದು ತುದಿಯಿಂದ ಚಪ್ಪಟೆ ತಳದ ಚೀಲ ಹೊರಬೀಳುತ್ತಿತ್ತು. ಬೆರಳುಗಳಿಲ್ಲದ ಯಂತ್ರ ಬೆರಳುಗಳ ಕೆಲಸವನ್ನು ಮಾಡಿತು.

ಪೇಟೆಂಟ್ ಕಚೇರಿಗೆ ಒಪ್ಪಿಸಲು ಮರದ ಯಂತ್ರ ಸಾಲದು, ಕಬ್ಬಿಣದ ಮಾದರಿ ಬೇಕೆಂದು ಆಕೆ ನಿಶ್ಚಯಿಸಿದಳು. ಅದಕ್ಕಾಗಿ ಬಾಸ್ಟನ್ ಪಟ್ಟಣದ ಯಂತ್ರ ಕಾರ್ಯಾಗಾರಕ್ಕೆ ಹೋದಳು. ಅಲ್ಲಿಯ ಮಿಸ್ತ್ರಿಗಳು ಆಕೆಯ ಚಿತ್ರಗಳನ್ನು ನೋಡಿ ಕಬ್ಬಿಣದ ಭಾಗಗಳನ್ನು ಮಾಡತೊಡಗಿದರು. ಆಕೆ ಪಕ್ಕದಲ್ಲೇ ನಿಂತು ತಿದ್ದುತ್ತಿದ್ದಳು.

ಆ ಕಾರ್ಯಾಗಾರಕ್ಕೆ ಚಾರ್ಲ್ಸ್ ಆನನ್ ಎಂಬವನು ಬಂದು ಹೋಗುತ್ತಿದ್ದನು. ಅವನು ಮಾರ್ಗರೆಟ್‌ಳ ಯಂತ್ರವನ್ನು ಕುತೂಹಲದಿಂದ ನೋಡಿದನು. ಹೇಗೆ ಕೆಲಸ ಮಾಡುತ್ತದೆಂದು ತಿಳಿದುಕೊಂಡನು. ಅದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ.

ಮಾದರಿ ಸಿದ್ಧವಾದ ಮೇಲೆ ಮಾರ್ಗರೆಟ್ ಪೇಟೆಂಟ್‌ಗಾಗಿ ಅರ್ಜಿ ಹಾಕಿದಳು. ಉತ್ತರ ಬಂದಾಗ ಆಕೆಗೆ ದಿಗಿಲಾಯಿತು. ಇಂಥ ಯಂತ್ರಕ್ಕೆ ಆಗಲೇ ಬೇರೊಬ್ಬರ ಹೆಸರಿನಲ್ಲಿ ಪೇಟೆಂಟ್ ಆಗಿತ್ತು. ಆ ಹೆಸರು ಚಾರ್ಲ್ಸ್ ಆನನ್!

ಮಕ್ಕಳೇ, ಈಗ ಯೋಚಿಸಿ. ಯಂತ್ರ ಆಕೆಯದು. ಆದರೆ ಸರಕಾರದ ಮೊಹರು ಬಿದ್ದ ಕಾಗದ ಅವನ ಕೈಯಲ್ಲಿದೆ. ಆಕೆ ಹಣವಂತಳಲ್ಲ, ಕಾರಖಾನೆಯಲ್ಲಿ ದುಡಿಯುವ ಹೆಂಗಸು. ಆ ಕಾಲದಲ್ಲಿ ಅಮೆರಿಕದ ಹೆಂಗಸರು ದೇಶದ ಅಧ್ಯಕ್ಷನ ಚುನಾವಣೆಯಲ್ಲಿ ಮತ ಹಾಕುವಂತಿರಲಿಲ್ಲ. ಹೆಂಗಸರಿಗೆ ಯಂತ್ರಗಳು ಅರ್ಥವಾಗುವುದಿಲ್ಲ ಎಂದು ಓದಿದವರೇ ನಂಬಿದ್ದರು. ಹನ್ನೆರಡು ವರ್ಷದವಳಿದ್ದಾಗ ಲಾಳಿಯ ಶೋಧವನ್ನು ಬಿಟ್ಟುಕೊಟ್ಟಂತೆ ಇದನ್ನೂ ಬಿಟ್ಟುಕೊಡಬಹುದಾಗಿತ್ತು. ಮಾರ್ಗರೆಟ್ ಬಿಟ್ಟುಕೊಡಲಿಲ್ಲ. ಪೇಟೆಂಟ್ ಕಚೇರಿಯಲ್ಲಿ ಆನನ್‌ನ ವಿರುದ್ಧ ದೂರು ಕೊಟ್ಟಳು. ದೊಡ್ಡ ವಕೀಲನನ್ನು ಗೊತ್ತುಮಾಡಿದಳು. ಅದಕ್ಕೆ ದಿನವೊಂದಕ್ಕೆ ಸುಮಾರು 100 ಡಾಲರ್ ಖರ್ಚು ಬಂದಿತೆಂದು ಹೇಳುತ್ತಾರೆ. ಆಗಿನ ಗಿರಣಿ ಕೂಲಿಯವರಿಗೆ ಅಷ್ಟು ಹಣ ಗಳಿಸಲು ತಿಂಗಳುಗಳೇ ಬೇಕಾಗುತ್ತಿದ್ದವು.

ವಿಚಾರಣೆಯಲ್ಲಿ ಆನನ್ ಯಂತ್ರ ತನ್ನದೇ ಎಂದು ಸಾಧಿಸಿದನು. ಹೆಂಗಸೊಬ್ಬಳಿಗೆ ಇಷ್ಟು ಜಟಿಲವಾದ ಯಂತ್ರವನ್ನು ಕಲ್ಪಿಸಿಕೊಳ್ಳಲೂ ಆಗದು ಎಂದು ಅವನು ವಾದಿಸಿದನೆಂಬ ಮಾತು ಪ್ರಸಿದ್ಧವಾಗಿದೆ.

ಮಾರ್ಗರೆಟ್ ಈ ಮಾತಿಗೆ ಮಾತಿನಿಂದ ಉತ್ತರ ಕೊಡಲಿಲ್ಲ. ತನ್ನ ಪೆಟ್ಟಿಗೆಯನ್ನು ಬಿಚ್ಚಿದಳು. ಮೊದಲ ದಿನಗಳಿಂದ ಬಿಡಿಸಿದ ಚಿತ್ರಗಳು ಅದರಲ್ಲಿದ್ದವು. ದಿನಾಂಕ ಹಾಕಿದ ಬರಹಗಳು ಇದ್ದವು. ಮಡಿಕೆಗಳನ್ನು ಪರೀಕ್ಷಿಸಲು ಕತ್ತರಿಸಿದ ಕಾಗದದ ಮಾದರಿಗಳು ಇದ್ದವು. ಮೊದಲ ಯಂತ್ರದಿಂದ ಬಂದ ಚೀಲಗಳಿದ್ದವು. ಆಕೆಯೊಂದಿಗೆ ಒಂದೇ ಮನೆಯಲ್ಲಿ ವಾಸವಾಗಿದ್ದ ಗೆಳತಿ ಬಂದು ಸಾಕ್ಷಿ ಹೇಳಿದಳು. ಸ್ಪ್ರಿಂಗ್‌ಫೀಲ್ಡ್‌ಗೆ ಬಂದಾಗಿನಿಂದ ಮಾರ್ಗರೆಟ್ ಯಂತ್ರದ ಚಿತ್ರಗಳಲ್ಲೇ ಮುಳುಗಿರುತ್ತಿದ್ದಳೆಂದು ತಿಳಿಸಿದಳು. ಯಂತ್ರದ ಭಾಗಗಳನ್ನು ಮಾಡಿದ ಮಿಸ್ತ್ರಿಗಳೂ ಬಂದರು. ಆಕೆ ಹೇಳಿದಂತೆ, ಆಕೆಯ ಚಿತ್ರ ನೋಡಿಯೇ ತಾವು ಮಾಡಿದೆವೆಂದು ಒಪ್ಪಿಕೊಂಡರು. ಇಂಥ ಸಾಕ್ಷಿಗಳ ಮುಂದೆ ಆನನ್‌ನ ವಾದ ನಿಲ್ಲಲಿಲ್ಲ.

ತೀರ್ಪು ಮಾರ್ಗರೆಟ್‌ಳ ಕಡೆಗೆ ಆಯಿತು. 1871ನೆಯ ಇಸವಿ ಜುಲೈ 11ರಂದು ಆಕೆಯ ಹೆಸರಿಗೆ ಪೇಟೆಂಟ್ ಬಂದಿತು. ಅದರ ಸಂಖ್ಯೆ 1,16,842. ಇದಕ್ಕೂ ಮೊದಲು, 1870ರ ನವೆಂಬರಿನಲ್ಲಿ, ಯಂತ್ರಕ್ಕೆ ಕಾಗದದ ಹಾಳೆಗಳನ್ನು ಒದಗಿಸುವ ಇನ್ನೊಂದು ಸಾಧನಕ್ಕೂ ಆಕೆಗೆ ಪೇಟೆಂಟ್ ಸಿಕ್ಕಿತ್ತು. ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಹೆಂಗಸು ಮಾರ್ಗರೆಟ್ ನೈಟ್ ಎಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ಮೇರಿ ಕೀಸ್ ಎಂಬವಳು 1809ರಲ್ಲಿಯೇ ಹುಲ್ಲು ಮತ್ತು ರೇಷ್ಮೆಯನ್ನು ಸೇರಿಸಿ ಹೆಣೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದಳು. ಇಲ್ಲದ ಹೆಸರು ಕಟ್ಟಿ ಮಾರ್ಗರೆಟ್‌ಳನ್ನು ದೊಡ್ಡವಳನ್ನಾಗಿ ಮಾಡುವ ಅಗತ್ಯವಿಲ್ಲ. ಇರುವ ಹೆಸರೇ ಸಾಕಷ್ಟಿದೆ.

ಆಮೇಲೆ ಆಕೆ ಪಾಲುದಾರನೊಬ್ಬನೊಂದಿಗೆ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಈಸ್ಟರ್ನ್ ಪೇಪರ್ ಬ್ಯಾಗ್ ಕಂಪನಿಯನ್ನು ಆರಂಭಿಸಿದಳು. ಯಂತ್ರದಿಂದ ಚೀಲಗಳು ರಾಶಿರಾಶಿಯಾಗಿ ಬರತೊಡಗಿದವು. ಬೆಲೆ ಇಳಿಯಿತು. ಅಂಗಡಿಗಳಲ್ಲಿ ಹಿಟ್ಟು, ಸಕ್ಕರೆ, ಕಾಫಿಪುಡಿ ಎಲ್ಲವೂ ಚಪ್ಪಟೆ ತಳದ ಚೀಲಗಳಲ್ಲಿ ಹೋಗತೊಡಗಿದವು. 1879ರಲ್ಲಿ ಮಾರ್ಗರೆಟ್ ತನ್ನ ಯಂತ್ರವನ್ನು ಇನ್ನೂ ಸುಧಾರಿಸಿ ಮತ್ತೊಂದು ಪೇಟೆಂಟ್ ಪಡೆದಳು. 1883ರಲ್ಲಿ ಚಾರ್ಲ್ಸ್ ಸ್ಟಿಲ್‌ವೆಲ್ ಎಂಬವನು ಚೀಲದ ಎರಡು ಬದಿಗಳಿಗೂ ಒಳಮಡಿಕೆ ಕೊಡುವ ಯಂತ್ರ ಮಾಡಿದನು. ಬಾಯಿ ಹಿಡಿದು ಒಮ್ಮೆ ಝಾಡಿಸಿದರೆ ತಾನೇ ತೆರೆದು ನಿಲ್ಲುವ ಚೀಲ ಅದು. ಇಂದು ನೀವು ಬೇಕರಿಯಲ್ಲಿ ನೋಡುವ ಚೀಲದಲ್ಲಿ ಮಾರ್ಗರೆಟ್‌ಳ ತಳವೂ ಇದೆ, ಸ್ಟಿಲ್‌ವೆಲ್‌ನ ಒಳಮಡಿಕೆಯೂ ಇದೆ.

ಮಾರ್ಗರೆಟ್‌ಳಿಗೆ ಹಕ್ಕು ಸಿಕ್ಕ ಅದೇ 1871ರಲ್ಲಿ ಕಾಗದಕ್ಕೆ ಇನ್ನೊಂದು ಹೊಸ ಕೆಲಸ ಸಿಕ್ಕಿತು. ಅದನ್ನು ಹೇಳದೆ ಮುಂದೆ ಹೋಗಲಾಗದು. ಆ ಕಾಲದಲ್ಲಿ ಗಾಜಿನ ಬಾಟಲಿಗಳನ್ನು, ಕಂದೀಲಿನ ಗಾಜುಗಳನ್ನು ದೂರದ ಊರಿಗೆ ಕಳಿಸಬೇಕಾದರೆ ಪೆಟ್ಟಿಗೆಯಲ್ಲಿ ಒಣಹುಲ್ಲನ್ನೋ ಮರದ ಹೊಟ್ಟನ್ನೋ ತುಂಬುತ್ತಿದ್ದರು. ನಮ್ಮಲ್ಲಿ ಮಾವಿನಹಣ್ಣಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸುವುದಿಲ್ಲವೇ, ಹಾಗೆಯೇ. ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಎಂಬವನು ಅದರ ಬದಲಿಗೆ ನೆರಿಗೆ ಹಾಕಿದ ಕಾಗದವನ್ನು ಬಳಸಬಹುದೆಂದು ತೋರಿಸಿ ಪೇಟೆಂಟ್ ಪಡೆದನು.

ನೆರಿಗೆಯ ಗುಣವೇನೆಂದು ಪರೀಕ್ಷಿಸಿ ನೋಡಿ. ಎರಡು ಪುಸ್ತಕಗಳನ್ನು ಒಂದು ಗೇಣು ದೂರದಲ್ಲಿಟ್ಟು, ಅವುಗಳ ಮೇಲೆ ಒಂದು ಹಾಳೆಯನ್ನು ಸೇತುವೆಯಂತೆ ಇಡಿ. ನಡುವೆ ಒಂದು ನಾಣ್ಯ ಇಟ್ಟರೂ ಹಾಳೆ ಕುಸಿಯುತ್ತದೆ. ಈಗ ಅದೇ ಹಾಳೆಯನ್ನು ಬೀಸಣಿಗೆಯಂತೆ ಉದ್ದಕ್ಕೆ ನೆರಿಗೆ ಮಡಿಚಿ ಅದೇ ಜಾಗದಲ್ಲಿ ಇಡಿ. ಅದರ ಮೇಲೆ ನಾಣ್ಯಗಳನ್ನು ಒಂದೊಂದಾಗಿ ಏರಿಸುತ್ತ ಹೋಗಿ. ಕಾಗದ ಅದೇ, ತೂಕ ಅಷ್ಟೇ. ಆದರೆ ಅದಕ್ಕೆ ಬಲ ಬಂದಿದೆ. ನೆರಿಗೆಗಳ ನಡುವೆ ಗಾಳಿ ಇರುತ್ತದೆ. ಹೊರಗಿನಿಂದ ಪೆಟ್ಟು ಬಿದ್ದಾಗ ಮೊದಲು ನೆರಿಗೆ ಬಾಗುತ್ತದೆ. ಪೆಟ್ಟಿನ ಬಲವೆಲ್ಲ ಅಲ್ಲಿಯೇ ಕರಗುತ್ತದೆ, ಒಳಗಿನ ಗಾಜಿಗೆ ತಾಗುವುದಿಲ್ಲ. ಕಾರಖಾನೆಯಲ್ಲಿ ಈ ನೆರಿಗೆಯನ್ನು ಹಲ್ಲುಗಳಿರುವ ಎರಡು ಉರುಳೆಗಳು ಮಾಡುತ್ತವೆ. ಕಬ್ಬಿನ ಗಾಣದಲ್ಲಿ ಕಬ್ಬು ಹೋಗುವಂತೆ ಕಾಗದ ಅವುಗಳ ನಡುವೆ ಹಾದು ಹೋಗುತ್ತದೆ. ಟಿ.ವಿ., ಫ್ಯಾನು ತಂದ ರಟ್ಟಿನ ಪೆಟ್ಟಿಗೆಯ ಅಂಚನ್ನು ನೋಡಿದರೆ ಎರಡು ಹಾಳೆಗಳ ನಡುವೆ ಈ ನೆರಿಗೆ ಕಾಣುತ್ತದೆ.

ಈಗಂತೂ ಸಾಮಾನು ಕಳಿಸುವ ಗೋದಾಮುಗಳಲ್ಲಿ ಮೇಜಿನ ಪಕ್ಕದಲ್ಲಿಯೇ ನಿಲ್ಲುವ ಚಿಕ್ಕ ಯಂತ್ರಗಳು ಬಂದಿವೆ. ಒಂದು ಕಡೆಯಿಂದ ಬರಿಯ ಹಾಳೆ ಒಳಗೆ ಹೋಗುತ್ತದೆ. ಯಂತ್ರ ಅದರ ಎರಡೂ ಅಂಚುಗಳನ್ನು ಒಳಕ್ಕೆ ಸುತ್ತಿ ಮುದುರುತ್ತದೆ. ಹಲ್ಲಿನ ಗಾಲಿಗಳು ನಡುವೆ ಒತ್ತಿ ಅದು ಬಿಚ್ಚದಂತೆ ಮಾಡುತ್ತವೆ. ಬ್ಲೇಡು ಬೇಕಾದ ಉದ್ದಕ್ಕೆ ಕತ್ತರಿಸುತ್ತದೆ. ಇನ್ನೊಂದು ಕಡೆಯಿಂದ ಉಬ್ಬಿದ ಕಾಗದದ ಮೆತ್ತೆ ಹೊರಗೆ ಬರುತ್ತದೆ. ಪೆಟ್ಟಿಗೆಯಲ್ಲಿ ಸಾಮಾನಿನ ಸುತ್ತ ಅದನ್ನು ತುರುಕಿದರೆ ಸಾಮಾನು ಅಲುಗುವುದಿಲ್ಲ. ಥರ್ಮೋಕೋಲಿನಂತೆ ಅದು ಕಸವಾಗಿ ಉಳಿಯುವುದಿಲ್ಲ, ಮತ್ತೆ ಕಾಗದವಾಗಬಲ್ಲದು. ತೆಳುವಾದ ಹಾಳೆಯನ್ನು ಹರಿಯದಂತೆ ಎಳೆದು, ಸುತ್ತಿ, ಮಡಿಚಿ, ಒತ್ತಿ, ಆಕಾರ ಕೊಡುವುದು ಮಾರ್ಗರೆಟ್‌ಳ ಮುಂದಿದ್ದ ಕಷ್ಟವೂ ಹೌದು, ಈ ಯಂತ್ರಗಳನ್ನು ಮಾಡಿದವರ ಮುಂದಿದ್ದ ಕಷ್ಟವೂ ಹೌದು.

ಮತ್ತೆ ಮಾರ್ಗರೆಟ್‌ಳ ಕಡೆಗೆ ಬರೋಣ. ಚೀಲದ ಯಂತ್ರದೊಂದಿಗೆ ಆಕೆಯ ಕೆಲಸ ನಿಲ್ಲಲಿಲ್ಲ. ಬಟ್ಟೆಗೆ ಕಲೆಯಾಗದಂತೆ ತಡೆಯುವ ಒಂದು ಸಾಧನ, ಬಟ್ಟೆಗೆ ಹಾಕುವ ಕೊಂಡಿ, ಅಡುಗೆಗೆ ಬೇಕಾಗುವ ಕಬ್ಬಿಣದ ಸಲಾಕೆ, ಹೀಗೆ ಮನೆಬಳಕೆಯ ವಸ್ತುಗಳನ್ನು ಮಾಡಿದಳು. 1890ರ ನಂತರ ಬೂಟಿನ ಅಡಿಯನ್ನು ಕತ್ತರಿಸುವ ಯಂತ್ರಗಳನ್ನು ರಚಿಸಿದಳು. ಸಂಖ್ಯೆಗಳನ್ನು ಮುದ್ರಿಸುವ ಯಂತ್ರ, ಕಿಟಕಿಯ ಚೌಕಟ್ಟು ಇವೂ ಆಕೆಯ ಪಟ್ಟಿಯಲ್ಲಿ ಸೇರಿದವು. ಅರುವತ್ತು ದಾಟಿದ ಮೇಲೆ ಆಕೆಯ ಮನಸ್ಸು ಇಂಜಿನುಗಳ ಕಡೆಗೆ ತಿರುಗಿತು. ಮೋಟಾರು ಗಾಡಿಗಳು ಆಗಷ್ಟೇ ರಸ್ತೆಗೆ ಇಳಿಯುತ್ತಿದ್ದವು. ಅಜ್ಜಿಯಾಗುವ ವಯಸ್ಸಿನಲ್ಲಿ ಆಕೆ ಇಂಜಿನಿನ ಭಾಗಗಳ ಚಿತ್ರ ಬಿಡಿಸುತ್ತ ಕೂತಳು, ಅವುಗಳಿಗೂ ಪೇಟೆಂಟ್‌ಗಳನ್ನು ಪಡೆದಳು. ಎಲ್ಲ ಸೇರಿ ಆಕೆಯ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಟೆಂಟ್‌ಗಳಿವೆ. ಪತ್ರಿಕೆಗಳು ಆಕೆಯನ್ನು ಹೆಣ್ಣು ಎಡಿಸನ್ ಎಂದು ಹೊಗಳಿದವು. ಆಕೆಯನ್ನು ಆಕೆಯ ಹೆಸರಿನಿಂದಲೇ ಕರೆದಿದ್ದರೆ ಚೆನ್ನಾಗಿರುತ್ತಿತ್ತು ಎಂದು ನನಗೆ ಅನಿಸುತ್ತದೆ.

ಇಷ್ಟು ಯಂತ್ರಗಳನ್ನು ಮಾಡಿದವಳು ಶ್ರೀಮಂತಳಾಗಲಿಲ್ಲ. ಆಕೆ ಮದುವೆಯಾಗಿರಲಿಲ್ಲ, ಒಂಟಿಯಾಗಿ ಬದುಕಿದಳು. ಕೆಲವು ಶೋಧಗಳ ಹಕ್ಕನ್ನು ಕಂಪನಿಗಳಿಗೆ ಮಾರಿಬಿಡುತ್ತಿದ್ದಳು. ಕೈಗೆ ಬಂದ ಹಣ ಮುಂದಿನ ಯಂತ್ರಕ್ಕೆ ಬೇಕಾಗುತ್ತಿತ್ತು. 1914ನೆಯ ಇಸವಿ ಅಕ್ಟೋಬರ್ 12ರಂದು ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಆಕೆ ತೀರಿಕೊಂಡಳು. ಆಗ ಆಕೆಗೆ 76 ವರ್ಷ. ಆಕೆ ಬಿಟ್ಟುಹೋದ ಆಸ್ತಿಯನ್ನು ಲೆಕ್ಕ ಹಾಕಿದಾಗ ಅದರ ಬೆಲೆ 275 ಡಾಲರ್ ಮತ್ತು 5 ಸೆಂಟ್ ಆಯಿತು. ಅಮೆರಿಕದ ಹೆಂಗಸರಿಗೆಲ್ಲ ಮತದಾನದ ಹಕ್ಕು ಕೊಡುವ ಕಾನೂನು ಬಂದದ್ದು 1920ರಲ್ಲಿ. ಅದನ್ನು ನೋಡಲು ಆಕೆ ಇರಲಿಲ್ಲ.

2006ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಯಲ್ಲಿ ಮಾರ್ಗರೆಟ್ ನೈಟ್‌ಳ ಹೆಸರನ್ನು ಸೇರಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ಆಕೆ ಮಾಡಿದ ಲಾಳಿಯ ತಡೆ ಎಲ್ಲಿಯೂ ಉಳಿದಿಲ್ಲ. ಆದರೆ ಆಕೆಯ ಚೀಲದ ಯಂತ್ರದ ಮಾದರಿಯೊಂದು ವಾಷಿಂಗ್ಟನ್‌ನಲ್ಲಿರುವ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತು ಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಮುಂದಿನ ಸಲ ನಿಮ್ಮ ಮನೆಗೆ ಕಾಗದದ ಚೀಲ ಬಂದರೆ, ಅದನ್ನು ಎಸೆಯುವ ಮೊದಲು ತಳವನ್ನು ಸ್ವಲ್ಪ ನೀರಿನಿಂದ ಒದ್ದೆ ಮಾಡಿ ಮೆಲ್ಲಗೆ ಬಿಚ್ಚಿ ನೋಡಿ. ಅಂಟು ಬಿಡುತ್ತ ಬಂದಂತೆ ಮೊದಲು ಒಂದು ಮೂಲೆ, ಆಮೇಲೆ ಇನ್ನೊಂದು ಮೂಲೆ, ಕೊನೆಗೆ ಗಾಳಿಪಟದಂಥ ಆ ಮಡಿಕೆ ಕಾಣುತ್ತದೆ.